ಗುಡ್ಡದ ಮರುಮಾತು

ಒದ್ದೆ ಇಳಕಲ್ಲ ಸೀರೆ ಕಲ್ಲಿಗೆ ಬಡಿದ ಸದ್ದು ಬಾದಾಮಿಯ ಹೊಂಡ ದಾಟಿ, ಗುಡ್ಡಕ್ಕೆ ತಾಗಿ ಮರಳಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು.

ಅದನ್ನು ನಾನು ಅಳೆದದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಚಳಿಗಾಲದಲ್ಲಿ. ವಿಶ್ವವಿದ್ಯಾಲಯದಲ್ಲಿ ಆನ್ವಯಿಕ ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯ ಸ್ಥಾನವೊಂದು ತೆರವಾಗಿತ್ತು. ಅದನ್ನು ಬಯಸುವವರು ತಾವೇ ಮಾಡಿದ ಒಂದು ಅಳತೆಯ ಬರಹ ಒಪ್ಪಿಸಬೇಕಿತ್ತು. ಪದವಿ ಪಡೆದು ಬಾಗಲಕೋಟೆಯ ಮನೆಯಲ್ಲಿ ಕುಳಿತಿದ್ದ ನನಗೆ ಪ್ರಯೋಗಶಾಲೆಗೆ ಮರಳಲು ಬೇರೆ ದಾರಿ ಇರಲಿಲ್ಲ. ಬಾದಾಮಿಯಲ್ಲಿ ಸೋದರತ್ತೆಯ ಮನೆಯಿತ್ತು. ಅಲ್ಲಿಗೆ ಹೋಗಿ ಗಾಳಿಯಲ್ಲಿ ಸದ್ದಿನ ವೇಗ ಅಳೆಯುವುದೆಂದು ನಿಶ್ಚಯಿಸಿದೆ.

ಹೊಂಡಕ್ಕಿಳಿಯುವ ಮೆಟ್ಟಿಲು, ಅಂದರೆ ಪಾವಟಿಗೆಯಿಂದ, ಎದುರಿನ ಗುಡ್ಡಕ್ಕೆ ಐನೂರ ಅರವತ್ತೈದು ಅಡಿ. ಮರುಸದ್ದು ಬಂದ ಕ್ಷಣಕ್ಕೇ ಮುಂದಿನ ಹೊಡೆತ ಬಿದ್ದರೆ ಎರಡೂ ಒಂದರೊಳಗೊಂದು ಕರಗುತ್ತವೆ. ಹಾಗೆ ಬಿದ್ದ ಐವತ್ತು ಹೊಡೆತಗಳ ಕಾಲವನ್ನು ಸ್ಟಾಪ್‌ವಾಚಿನಲ್ಲಿ ನೋಡಿ ಭಾಗಿಸಿದರೆ ಲೆಕ್ಕ ಮುಗಿಯಿತು. ಮೊದಲು ಜಾಗಟೆ ಬಾರಿಸಿದೆ. ಅದರ ನಾದವೇ ಉಳಿದು ಮರುಸದ್ದನ್ನು ನುಂಗಿತು. ಪಕ್ಕದಲ್ಲಿ ಗಂಗವ್ವ, ಹುಸೇನಬಿ ಎಂಬ ಊರಿನ ಇಬ್ಬರು ಹೆಂಗಸರು ಅರಿವೆ ಒಗೆಯುತ್ತಿದ್ದರು. ಅವರ ಹೊಡೆತ ಚುಟುಕು, ಸ್ಪಷ್ಟ. ಸಹಾಯ ಕೇಳಿದೆ.

ಗುಡ್ಡಕ್ಕೆ ಕಿವಿಗೊಟ್ಟು ಹೊಡೆಯಿರಿ ಎಂದಾಗ ಇಬ್ಬರ ಕೈಯೂ ಬಿಗಿಯಾಯಿತು, ಹೊಡೆತ ತಪ್ಪಿತು. ಹರಟೆಗೆ ಬಿದ್ದ ಮೇಲೆ ಇಬ್ಬರ ಲಯವೂ ತಾನೇ ಕೂಡಿಬಂತು.

"ಈ ಗುಡ್ಡ ನಮ್ಮನಿಯವರಂಗ ಐತ್ರಿ, ಅಕ್ಕಾರ. ಒಂದ ಅಂದ್ರ ತಿರುಗಿ ಒಂದ ಅಂತದ," ಎಂದಳು ಗಂಗವ್ವ.

"ನಿಮ್ಮನಿಯವರು ಉಂಡ ಮ್ಯಾಲೆ ಅಂತಾರ," ಎಂದಳು ಹುಸೇನಬಿ. "ಗುಡ್ಡಕ್ಕ ಅಷ್ಟು ಪುರುಸೊತ್ತಿಲ್ಲ."

ನಗುತ್ತಲೇ ಹೊಡೆಯುತ್ತಿದ್ದರು. ಇದ್ದಕ್ಕಿದ್ದಂತೆ ಮರುಸದ್ದು ಹೊಡೆತದೊಳಗೆ ಕರಗಿ ಕಾಣೆಯಾಯಿತು. ನೀರಿನ ಮೇಲೆ ಎಳೆಮಂಜು. ಅದರಾಚೆ ಕೆಂಪು ಕಲ್ಲು ಅರೆನಿದ್ದೆಯಲ್ಲಿದ್ದಂತಿತ್ತು. ಹೋದ ಸದ್ದು ಬರುವ ಸದ್ದಾಗಿ, ನಡುವಿನ ಹೊಂಡ ಉಸಿರಾಡುತ್ತಿದೆ ಎನಿಸಿತು. ಗಡಿಯಾರ ಒತ್ತುವುದನ್ನೇ ಒಂದು ಗಳಿಗೆ ಮರೆತೆ. ಬಳಿಕ ಒತ್ತಿದೆ. ಹಲವು ಮುಂಜಾವು ಹೀಗೇ ಕಳೆದವು; ಉತ್ತರ ಸರಿಯಾಗಿಯೇ ಬಂತು.

ಆಯ್ಕೆ ಮಂಡಳಿಯ ಪರವಾಗಿ ಪ್ರಾಧ್ಯಾಪಕರೊಬ್ಬರು ನನ್ನ ಕೆಲಸ ನೋಡಲು ರೈಲಿನಲ್ಲಿ ಬಂದರು. ಅತ್ತೆಯ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಸಿದ್ಧಮಾಡಿಟ್ಟ ಬರಹವನ್ನು ಎರಡು ಸಲ ಓದಿದರು.

"ಕೆಲಸ ಭಾಳ ಛಲೋ ಆಗೇದ. ಆದ್ರ ಈ ಅರಿವಿ ಒಗಿಯೋರ ಮಾತು ತಗೀರಿ. ಮರದ ಕೊಡತಿಯಿಂದ ಹೊಡದೆ ಅಂತ ಬರೀರಿ."

"ಕೊಡತಿ ಇರಲಿಲ್ಲರಿ, ಸರ್."

"ಅದು ನನಗೂ ತಿಳೀತು. ಮಂಡಳಿಯವರು ನಗತಾರವ್ವಾ. ಜಾಗಾ ಒಂದ ಅದ, ಕೇಳಿದವರು ಇಬ್ಬರು. ನಾಳೆ ತಿದ್ದಿ ಟಪಾಲಿಗೆ ಹಾಕ್ರಿ."

ಅವರ ದನಿಯಲ್ಲಿ ನನ್ನ ಮೇಲಿನ ಅಕ್ಕರೆಯೇ ಇತ್ತು. ಅದರಿಂದಲೇ ಒಲ್ಲೆ ಎನ್ನುವುದು ಕಷ್ಟವಾಯಿತು. ಅಳತೆಯ ಕೆಲಸದಲ್ಲಿ ಅಂಕಿಯಷ್ಟೇ ಅದು ಹುಟ್ಟಿದ ಬಗೆಯೂ ನಿಜವಿರಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ಅದಕ್ಕೆ ಬೆಲೆ ತೆರಬೇಕಾಗಬಹುದೆಂದು ಆ ಸಂಜೆ ತಿಳಿಯಿತು.

ಮರುದಿನ ಬೆಳಿಗ್ಗೆ ಪಾವಟಿಗೆಗೆ ಹೋಗಿ ಇಬ್ಬರ ಪೂರ್ತಿ ಹೆಸರು ಕೇಳಿದೆ.

"ಹೆಸರ್ಯಾಕ್ರಿ? ನಾವೇನು ಮಾಡೇವಿ?" ಗಂಗವ್ವ ಗಾಬರಿಯಾದಳು.

"ನನ್ನ ಪ್ರಯೋಗ ಮಾಡೀರಿ," ಎಂದೆ.

ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿದರು. ಬರಹದಲ್ಲಿ ಒಂದಕ್ಷರವನ್ನೂ ತಿದ್ದದೆ, ಎರಡೂ ಹೆಸರನ್ನು ನನ್ನ ಹೆಸರಿನ ಕೆಳಗೆ ಬರೆದು, ಲಕೋಟೆ ಅಂಟಿಸಿ, ಟಪಾಲಿಗೆ ಹಾಕಿದೆ.