ದೊಡ್ಡತಾಯಮ್ಮನ ಕೈಗುಣ

ಅರಕಲಗೂಡು ಕಡೆಯ ದೊಡ್ಡತಾಯಮ್ಮ ಎತ್ತಿಕೊಂಡರೆ ಎಂಥ ಹಟಮಾರಿ ಕೂಸೂ ಮಲಗುತ್ತದೆಂದು ಅವರ ಊರಿನಲ್ಲಿ ಹೆಸರು. ಯಾರ ಮನೆಯಲ್ಲಿ ಬಾಣಂತನವಿದ್ದರೂ ಅವರಿಗೇ ಕರೆ. ಕೂಸಿಗೆ ಎರೆಯುವುದು, ಲೋಬಾನದ ಹೊಗೆ ಹಾಕುವುದು, ಮಲಗಿಸುವುದು ಎಲ್ಲ ಅವರದೇ. ಇದನ್ನು ನನಗೆ ಹೇಳಿದವರೂ ಅವರೇ, ಹಾಸನದ ನಮ್ಮ ಆಸ್ಪತ್ರೆಯ ಎಳೆಗೂಸುಗಳ ಐಸಿಯುವಿನಲ್ಲಿ, ಮೊಮ್ಮಗಳನ್ನು ಎದೆಗೆ ಅಪ್ಪಿಕೊಂಡು ಕೂತು. ನಾನು ಅಲ್ಲಿಯ ನರ್ಸ್, ಹಂಸ. ಬಾಯಿ ಜೋರು ಎಂದು ನನಗೂ ಹೆಸರಿದೆ.

ಆ ಮಗುವಿಗೆ ಹುಟ್ಟಿದ ಮರುದಿನವೇ ಫಿಟ್ಸ್ ಬಂದಿತ್ತು. ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸಿದೆವು. ಕೊಳವೆ ಹಾಕಿದ ಕೂಸು ಅತ್ತರೂ ಸದ್ದು ಬರುವುದಿಲ್ಲ. ಮುಖ ಕೆಂಪಾಗುತ್ತದೆ, ಬಾಯಿ ಅಗಲವಾಗಿ ತೆರೆಯುತ್ತದೆ, ಕೋಣೆ ಮಾತ್ರ ನಿಶ್ಶಬ್ದ. ಇಷ್ಟು ವರ್ಷವಾದರೂ ಅದು ನನಗೆ ಅಭ್ಯಾಸವಾಗಿಲ್ಲ.

ಕೊಳವೆ ತೆಗೆದ ಮೇಲೂ ಫಿಟ್ಸಿನ ಔಷಧಿ ನಡೆಯುತ್ತಿತ್ತು. ಮಿದುಳನ್ನು ಸುಮ್ಮನಾಗಿಸುವ ಆ ಔಷಧಿ ಉಸಿರನ್ನೂ ಸುಮ್ಮನಾಗಿಸಬಲ್ಲದು. ಅದಕ್ಕೇ ಮಗುವಿನ ತೂಕ ನೋಡಿ ಅಳೆಯುತ್ತೇವೆ, ಇನ್ನೊಬ್ಬ ನರ್ಸ್ ಮತ್ತೊಮ್ಮೆ ಪರೀಕ್ಷಿಸಬೇಕು, ಕೊಟ್ಟ ಮೇಲೆ ಹೊಟ್ಟೆ ಏರಿಳಿಯುವುದನ್ನು ಕಾಯಬೇಕು. ಕಿರಿಕಿರಿ ಮಾಡುತ್ತಿದೆಯೆಂದು ಒಂದು ಹನಿ ಹೆಚ್ಚಿಗೆ ಕೊಡುವ ಹಾಗಿಲ್ಲ. ತಾಯಿ ರೂಪಶ್ರೀಗೆ ಜ್ವರವಿದ್ದುದರಿಂದ ಅಜ್ಜಿಯನ್ನು ಒಳಗೆ ಬಿಟ್ಟಿದ್ದೆವು.

"ಕೂಸು ಇಂಗ್ ಒದ್ದಾಡ್ತದೆ, ನೀವು ನೋಡ್ಕಂಡ್ ನಿಂತಿದ್ದೀರಲ್ಲವ್ವ! ಏನಾರ ಕೊಟ್ಟು ಮಲಗುಸ್ಬಾರ್ದಾ?"

"ಕೊಡೋದನ್ನ ಕೊಟ್ಟಿದ್ದೀವಿ ಅಜ್ಜಿ. ಇನ್ನು ಕೊಡಕ್ಕಾಗಲ್ಲ."

ಅವರು ನನ್ನನ್ನು ರಾಕ್ಷಸಿಯನ್ನು ನೋಡುವಂತೆ ನೋಡಿದರು.

ಮಧ್ಯಾಹ್ನ ಊಟ ಮುಗಿಸಿ ಬಂದಾಗ ವಾರ್ಡಿನಲ್ಲಿ ವಿಚಿತ್ರವಾಗಿ ಸದ್ದೇ ಇರಲಿಲ್ಲ. ದೊಡ್ಡತಾಯಮ್ಮ ತುಟಿಯ ಮೇಲೆ ಬೆರಳಿಟ್ಟು ನಕ್ಕರು.

"ಎಬ್ಬುಸ್ಬ್ಯಾಡ ಕಣವ್ವ. ಈಗ್ ತಾನೆ ಮಲೀಕ್ಕಂಡದೆ."

ಮಗುವಿನ ಮುಷ್ಟಿ ಬಿಚ್ಚಿಕೊಂಡು ಕೈ ಜೋತುಬಿದ್ದಿತ್ತು. ಪಕ್ಕದ ಮಾನಿಟರ್ ಇನ್ನೂ ಎಲ್ಲ ಸರಿಯಿದೆಯೆಂದೇ ತೋರಿಸುತ್ತಿತ್ತು. ನಾನು ಬೆನ್ನ ಮೇಲೆ ಅಂಗೈ ಇಟ್ಟೆ. ಒಂದು ಉಸಿರು ಬಂತು. ಮುಂದಿನದಕ್ಕೆ ಕಾದೆ. ಬರಲೇ ಇಲ್ಲ. ಆಮೇಲೆಯೇ ಮಾನಿಟರ್ ಕೂಗಿಕೊಂಡಿತು, ನಾನು ಅದಕ್ಕಿಂತ ಜೋರಾಗಿ.

ಡಾಕ್ಟರ್ ಗಿರಿಧರ ಓಡಿ ಬಂದು ಮಗುವಿನ ಮುಖಕ್ಕೆ ಮಾಸ್ಕಿಟ್ಟು, ಅದರ ಚೀಲ ಒತ್ತಿ ಉಸಿರು ಕೊಡತೊಡಗಿದರು. "ಡೋಸ್ ಎಷ್ಟು ಕೊಟ್ರಿ?" ನಾನು ಹೇಳಿದೆ. ನನ್ನ ಜೊತೆ ಪರೀಕ್ಷಿಸಿದ ದಿವ್ಯಾ ಸಿಸ್ಟರ್ ಕೂಡ ಅದನ್ನೇ ಹೇಳಿದಳು. "ಸರಿಯಾಗೇ ಇದೆ. ಮತ್ಯಾಕೆ ಹೀಗಾಯ್ತು?"

ಬಗ್ಗಿದಾಗ ಮಗುವಿನ ತುಟಿಯಿಂದ ಹಬ್ಬದ ಅಡುಗೆಮನೆಯ ವಾಸನೆ ಬಂತು. ಆ ಜಾಗದಲ್ಲಿ ಆ ವಾಸನೆ!

"ಬಾಯಿಗೆ ಏನ್ ಹಾಕಿದ್ರಿ ಅಜ್ಜಿ?" ಎಂದು ಕಿರುಚಿದೆ.

ಅವರು ಸೆರಗಿನ ಒದ್ದೆ ತುದಿ ತೋರಿಸಿದರು. "ಜಾಯಿಕಾಯಿ ಕಣವ್ವ. ತಾಯಿ ಹಿಂಡ್ಕೊಟ್ಟ ಹಾಲ್ನಾಗೆ ತೇದು, ಸೆರಗ್ನಾಗೆ ಅದ್ಕಂಡು ಒಸಿ ನೆಕ್ಕುಸ್ದೆ. ಇಸ ಅಲ್ಲ ಅದು."

"ಒಳಗೆ ಮೊದಲೇ ಮಂಪರು ಬರೋ ಔಷಧಿ ಇದೆ. ಅದರ ಮೇಲೆ ಮಂಪರು ತರೋ ಇದೂ ಸೇರಿದ್ರೆ ನಿದ್ದೇಲೇ ಉಸಿರು ನಿಂತುಹೋಗುತ್ತೆ!"

"ಮುಂದಿನ ಡೋಸ್ ನಿಲ್ಲಿಸಿ, ನಾನು ಹೇಳೋವರೆಗೂ ಕೊಡಬೇಡಿ" ಎಂದರು ಡಾಕ್ಟರ್, ಕೈ ನಿಲ್ಲಿಸದೆ. ನಾವು ಸರದಿಯ ಮೇಲೆ ಚೀಲ ಒತ್ತಿದೆವು. ಎಷ್ಟೋ ಹೊತ್ತಿನ ಮೇಲೆ ಮಗು ಮುಖ ಕಿವುಚಿ, ಒಡೆದ ದನಿಯಲ್ಲಿ ಅತ್ತಿತು. ನಾಚಿಕೆ ಬಿಟ್ಟು ನಾನೂ ಅತ್ತೆ.

ದೊಡ್ಡತಾಯಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಚೆನ್ನಾಗಿ ಉಗಿಯಬೇಕೆಂದೇ ಹತ್ತಿರ ಹೋದೆ.

"ಮಲಗಿದ್ದಂಗೇ ಉಸ್ರು ನಿಂತೋಯ್ತದಾ ಅವ್ವ?" ಎಂದು ಕೇಳಿದರು.

"ಹೂಂ ಅಜ್ಜಿ."

"ನನ್ ಮೊದಲ್ನೇ ಕೂಸು ಭಾಳ ಅಳ್ತಿತ್ತು. ತೇದು ನೆಕ್ಕುಸ್ದೆ, ಮಲೀಕ್ಕಂತು. ಚೆಂದಾಗ್ ಮಲೀಕ್ಕಂಡದೆ ಅಂತ ನೀರಿಗೋದೆ. ಬಂದ್ ಮುಟ್ಟುದ್ರೆ ತಣ್ಣಗಾಗೋಗಿತ್ತು. ಗಾಳಿ ಸೋಕ್ತು ಅಂದ್ರು. ನಾನೂ ಅಂಗೇ ಅಂದ್ಕಂಡಿದ್ದೆ."

ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅವರು ತಮ್ಮ ಎರಡೂ ಕೈ ನೋಡಿಕೊಂಡು, ಬೇರೆಯವರ ಮನೆಗಳಲ್ಲಿ ತಾವು ಮಲಗಿಸಿದ ಕೂಸುಗಳ ಹೆಸರನ್ನು ಮೆಲ್ಲಗೆ ಹೇಳತೊಡಗಿದರು. ಬೈರಯ್ಯನ ಮಗ, ಸುಬ್ಬಮ್ಮನ ಮೊಮ್ಮಗಳು, ಹೀಗೆ. ಕೆಲವು ಹೆಸರು ಬಂದಾಗ ಮಾತ್ರ ತಡೆದು ನಿಂತು, ನನ್ನ ಮುಖ ನೋಡುತ್ತಿದ್ದರು.