ಇಪ್ಪತ್ತನಾಲ್ಕು ದಿನಗಳ ಹಾಜರಿ ಚೀಟಿ

ಬೆಳಗಿನ ಐದು ಗಂಟೆ. ಕುಸುಮಾವತಿ ಹಾಲಿನ ಬಾಟಲಿಗಳನ್ನು ಬಿಸಿನೀರಿನಿಂದ ಒಂದೊಂದಾಗಿ ಎತ್ತಿ, ಒಗೆದ ಬಟ್ಟೆಯ ಮೇಲೆ ಕವುಚಿ ಇಡುತ್ತಿದ್ದಾರೆ. ಇಕ್ಕಳ ಪಾತ್ರೆಗೆ ತಾಗಿ ಸದ್ದಾಗಬಾರದೆಂದು ಅದರ ತುದಿಗೆ ರಬ್ಬರ್ ಸುತ್ತಿದ್ದಾರೆ. ನಲ್ಲಿಯನ್ನು ಪೂರ್ತಿ ತಿರುಗಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ಆಗಲೇ ಮೂರು ಮಕ್ಕಳು ಮಲಗಿವೆ. ನೀರು ಆರಿದ ಮೇಲೆ ಪ್ರತಿ ಬಾಟಲಿಯ ಕುತ್ತಿಗೆಗೂ ಒಂದೊಂದು ಬಣ್ಣದ ಹೊಲಿಗೆ ದಾರ ಕಟ್ಟುತ್ತಾರೆ. ಏಳು ಮಕ್ಕಳು, ಏಳು ಬಣ್ಣ. ಒಬ್ಬರ ಹಾಲು ಇನ್ನೊಬ್ಬರ ಬಾಯಿಗೆ ಹೋಗಬಾರದು. ಹಸುರು ದಾರದ್ದು ಜೋಯ್ಸ್ ಎಂಬ ಎರಡು ವರ್ಷ ಮೂರು ತಿಂಗಳ ಹುಡುಗಿಯ ಬಾಟಲಿ. ಅದನ್ನು ಕಟ್ಟುವಾಗ ಕುಸುಮಾವತಿಯವರ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಕುವೈತಿನ ಅಬ್ಬಾಸಿಯಾದ ಹಳೆಯ ಕಟ್ಟಡವೊಂದರ ಮೂರನೇ ಮಹಡಿ ಇದು. ಬೋರ್ಡ್ ಇಲ್ಲ. ಕಟ್ಟಡದ ಹೆಸರು ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ಬರೆಯುತ್ತಿಲ್ಲ. ಲಿಫ್ಟ್ ಕೆಟ್ಟು ನಾಲ್ಕು ತಿಂಗಳಾಯಿತು. ಆಸ್ಪತ್ರೆ, ಅಂಗಡಿ, ಆಫೀಸುಗಳಿಗೆ ಹೋಗುವ ತಾಯಂದಿರು ನಿದ್ದೆಯಲ್ಲಿರುವ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಕುಸುಮಾವತಿ ಬಾಗಿಲನ್ನು ಮೊದಲೇ ಸರಿಸಿಟ್ಟಿರುತ್ತಾರೆ. ಕಾಲಿಂಗ್ ಬೆಲ್‌ನ ವಯರನ್ನು ಎಂದೋ ತೆಗೆದುಹಾಕಿದ್ದಾರೆ. ಮಗುವನ್ನು ತೋಳಿನಿಂದ ತೋಳಿಗೆ ದಾಟಿಸುವಾಗ ಇಬ್ಬರೂ ಮಾತಾಡುವುದಿಲ್ಲ. ಕೆಳಗೆ ಕಂಪನಿ ಬಸ್ಸು ಕಾಯುತ್ತಿರುತ್ತದೆ.

ಬೆಳಗ್ಗೆ ಐದರಿಂದ ಸಂಜೆ ಏಳರವರೆಗೆ ಅವರ ಕೆಲಸ. ದಿನಕ್ಕೆ ಹದಿನಾಲ್ಕು ಬಾಟಲಿ, ಎರಡು ಕುಕ್ಕರ್ ಗಂಜಿ, ಲೆಕ್ಕವಿಲ್ಲದಷ್ಟು ಬಟ್ಟೆ. ಒಂದು ಮಗುವಿಗೆ ತಿಂಗಳಿಗೆ ಮೂವತ್ತೈದು ದಿನಾರ್. ಹನ್ನೊಂದು ವರ್ಷಗಳಲ್ಲಿ ಅರವತ್ತಮೂರು ಮಕ್ಕಳು ಈ ಮನೆಯಲ್ಲಿ ನಡೆಯಲು ಕಲಿತಿದ್ದಾರೆ. ಗೋಡೆಯ ಕೆಳಭಾಗದಲ್ಲಿ, ಸೊಂಟದ ಎತ್ತರದವರೆಗೆ, ಬಣ್ಣ ಪೂರ್ತಿ ಮಾಸಿದೆ. ಮಾಲೀಕ ಎರಡು ಸಲ ಬಣ್ಣ ಹೊಡೆಸಿ ಕೊನೆಗೆ ಕೈಬಿಟ್ಟನಂತೆ.

ಪತಿ ಸದಾನಂದ ರುಮೈಥಿಯಾದ ಹೋಟೆಲೊಂದರಲ್ಲಿ ಅಡುಗೆಯವರು. ಹೊರಡುವ ಮುಂಚೆ ಒಲೆಯ ಪಕ್ಕ ನಿಂತು ಚಹಾಕ್ಕಾಗಿ ಕಾಯುತ್ತಾರೆ. “ಈ ಮನೆಯಲ್ಲಿ ದಾರ ಕಟ್ಟದೇ ಇರುವುದು ನನಗೊಬ್ಬನಿಗೇ. ಹಾಗಾಗಿ ನನ್ನ ಚಹಾ ದಿನಾ ತಪ್ಪುದು,” ಎಂದು ಪಿಸುಗುಡುತ್ತಾರೆ. ಕುಸುಮಾವತಿ ನಗದೆ ಲೋಟ ಮುಂದಿಡುತ್ತಾರೆ. ಅವರು ಹೋದ ಮೇಲೆ ನಗುತ್ತಾರೆ.

ಐದೂವರೆಗೆ ಲೊರೈನ್ ಬರುತ್ತಾರೆ. ಜೋಯ್ಸ್‌ಳ ತಾಯಿ. ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್‌ಗಳ ಸಹಾಯಕಿ. ಗಂಡ ನೈಜೆಲ್ ಅಹ್ಮದಿ ಕಡೆ ಗುತ್ತಿಗೆ ಕಂಪನಿಯೊಂದರಲ್ಲಿ ಪೈಪ್ ಕೆಲಸದವರು. ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ಲೊರೈನ್ ಮಗುವನ್ನು ಕೊಟ್ಟು, ಚಪ್ಪಲಿ ಹಾಕಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಹೇಳುತ್ತಾರೆ: “ಟಿಕೆಟ್ ಆಯ್ತು ಕುಸುಮಕ್ಕ. ಇಪ್ಪತ್ತೆಂಟಕ್ಕೆ. ಇವರ ಕಸಿನ್ ಹೋಗ್ಲಿಕ್ಕುಂಟು, ಅವರೊಟ್ಟಿಗೆ ಕಳಿಸುದು.”

ಇಂದು ಫೆಬ್ರವರಿ ಹದಿಮೂರು. ಜೋಯ್ಸ್ ಊರಿಗೆ ಹೋಗಲಿದ್ದಾಳೆ. ತಾಯಿ ತಂದೆ ಇಲ್ಲೇ ಉಳಿಯುತ್ತಾರೆ. ಇದಕ್ಕೆ ಕಾರಣ ಯಾರೂ ಮಾಡದ ಒಂದು ತಪ್ಪು. ಅದನ್ನು ತಿಳಿಯಬೇಕಾದರೆ ಕುಸುಮಾವತಿ ಪ್ರತಿ ತಿಂಗಳು ಬರೆಯುವ ಹಾಜರಿ ಚೀಟಿಯಿಂದ ಶುರುಮಾಡಬೇಕು.

ಕರಾವಳಿಯವರ ಸಂಘವೊಂದು ಇಲ್ಲಿ ಮಕ್ಕಳ ನಿಧಿ ನಡೆಸುತ್ತದೆ. ತಂದೆ ತಾಯಿ ಇಬ್ಬರೂ ದುಡಿಯುತ್ತಿದ್ದು, ಮಗುವಿಗೆ ನಾಲ್ಕು ವರ್ಷ ತುಂಬಿರದಿದ್ದರೆ, ನೋಡಿಕೊಳ್ಳುವವರ ಸಂಬಳದಲ್ಲಿ ಒಂದು ಪಾಲನ್ನು ನಿಧಿ ಕೊಡುತ್ತದೆ. ಮಗು ಬಂದ ದಿನಕ್ಕೆ ಒಂದು ದಿನಾರ್, ತಿಂಗಳಿಗೆ ಹೆಚ್ಚೆಂದರೆ ಇಪ್ಪತ್ತನಾಲ್ಕು. ಮಗು ಬಂದದ್ದಕ್ಕೆ ಸಾಕ್ಷಿ ಕುಸುಮಾವತಿಯಂಥವರ ಚೀಟಿ ಮಾತ್ರ. ಮನೆಯ ಆದಾಯ ನಾನೂರೈವತ್ತು ದಿನಾರ್ ದಾಟಿದರೆ, ದಾಟಿದ ಪ್ರತಿ ಹತ್ತಕ್ಕೆ ಮೂರು ದಿನಾರ್ ಕಡಿತ. ಆದಾಯವನ್ನು ನೋಡುವುದು ಆ ತಿಂಗಳ ಬ್ಯಾಂಕ್ ಕಾಗದದಲ್ಲಿ. ಹಣ ತಂದೆ ತಾಯಿಯ ಕೈಗೆ ಹೋಗದೆ, ನೋಡಿಕೊಳ್ಳುವವರಿಗೇ ಐದನೇ ತಾರೀಕಿಗೆ ಬರುತ್ತದೆ.

ಲೊರೈನ್‌ಗೆ ನೂರ ತೊಂಬತ್ತು, ನೈಜೆಲ್‌ಗೆ ಇನ್ನೂರ ಎಂಬತ್ತು. ಒಟ್ಟು ನಾನೂರ ಎಪ್ಪತ್ತು. ಮಿತಿಗಿಂತ ಇಪ್ಪತ್ತು ಹೆಚ್ಚು, ಹಾಗಾಗಿ ಆರು ಕಡಿತ. ನಿಧಿಯಿಂದ ಹದಿನೆಂಟು, ಅವರ ಕೈಯಿಂದ ಹದಿನೇಳು. ವರ್ಷಕ್ಕೂ ಮೇಲ್ಪಟ್ಟು ಹೀಗೆಯೇ ನಡೆದಿತ್ತು.

ನವೆಂಬರ್‌ನಲ್ಲಿ ನೈಜೆಲ್‌ಗೆ ಸಂಬಳ ಆಗಲಿಲ್ಲ. ಡಿಸೆಂಬರ್‌ನಲ್ಲೂ ಇಲ್ಲ. ನಾಳೆ, ನಾಡಿದ್ದು ಎಂದು ಕಂಪನಿಯವರು ಹೇಳುತ್ತಾ ಹೋದರು. ಬ್ಯಾಂಕ್ ಕಾಗದದಲ್ಲಿ ಲೊರೈನ್‌ರ ನೂರ ತೊಂಬತ್ತು ಮಾತ್ರ ಇದ್ದುದರಿಂದ ಆ ಎರಡು ತಿಂಗಳು ನಿಧಿ ಪೂರ್ತಿ ಇಪ್ಪತ್ತನಾಲ್ಕು ಕೊಟ್ಟಿತು. ಉಳಿದ ಹನ್ನೊಂದನ್ನು ಕುಸುಮಾವತಿ ಕೇಳಲಿಲ್ಲ. ಕೋಣೆಯ ಬಾಡಿಗೆಯನ್ನು ಗಂಡ ಹೆಂಡತಿ ಸಾಲ ಮಾಡಿ ಕಟ್ಟಿದರು. ಜನವರಿಯಲ್ಲಿ ಮೂರು ತಿಂಗಳ ಸಂಬಳ ಒಟ್ಟಿಗೆ ಬಂತು. ಎಂಟುನೂರ ನಲವತ್ತು. ಬಂದ ವಾರವೇ ಅದು ಸಾಲಕ್ಕೆ ಹೋಯಿತು. ಆದರೆ ಬ್ಯಾಂಕ್ ಕಾಗದದಲ್ಲಿ ಜನವರಿಯ ಆದಾಯ ಸಾವಿರದ ಮೂವತ್ತು ದಿನಾರ್ ಎಂದೇ ಉಳಿಯಿತು.

ನಿಧಿಯ ಲೆಕ್ಕದಲ್ಲಿ ಅವರು ಆ ತಿಂಗಳು ಅನುಕೂಲಸ್ಥರು. ಸಹಾಯಧನ ಸೊನ್ನೆ. ಸೊನ್ನೆ ಬಂದವರ ಹೆಸರನ್ನು ಪಟ್ಟಿಯಿಂದ ತೆಗೆದು, ಕಾಯುತ್ತಿರುವ ಇನ್ನೊಂದು ಮಗುವಿಗೆ ಜಾಗ ಕೊಡುವುದು ನಿಯಮ. ಮತ್ತೆ ಅರ್ಜಿ ಹಾಕಿದರೆ ಸರದಿ ಬರಲು ಮೂರು ತಿಂಗಳು ಬೇಕು. ನೈಜೆಲ್‌ರ ಮುಂದಿನ ಸಂಬಳ ಯಾವಾಗ ಎಂದು ಕಂಪನಿಯಲ್ಲಿ ಯಾರೂ ಹೇಳುತ್ತಿಲ್ಲ.

ಮೂವತ್ತೈದು ದಿನಾರ್ ಬೇಡ, ಮಗು ಇಲ್ಲೇ ಇರಲಿ ಎಂದು ಕುಸುಮಾವತಿ ಹೇಳಿ ನೋಡಿದ್ದಾರೆ. ಲೊರೈನ್ ಒಪ್ಪಲಿಲ್ಲ. ನಿಮಗೂ ಬಾಡಿಗೆ ಉಂಟಲ್ಲ ಅಕ್ಕ, ಎಷ್ಟು ತಿಂಗಳು ಅಂತ ಬಿಡ್ತೀರಿ ಎಂದರಂತೆ. ಅದನ್ನು ಹೇಳಿ ಕುಸುಮಾವತಿ ಜೋಯ್ಸ್‌ಳ ಕಾಲಿನಿಂದ ಸಾಕ್ಸ್ ತೆಗೆಯುತ್ತಾರೆ, ಮಡಚುತ್ತಾರೆ, ಬಿಡಿಸಿ ಮತ್ತೆ ಮಡಚುತ್ತಾರೆ.

“ಕೆಲವರು ಬ್ಯಾಂಕಿನ ಕಾಗದ ಇನ್ನೂ ಸಿಗಲಿಲ್ಲ ಅಂತ ಹೇಳ್ತಾರೆ. ಒಂದು ತಿಂಗಳು ದಾಟಿಸಿ ಬಿಡ್ತಾರೆ. ಲೊರೈನ್ ನನ್ನ ಹತ್ರ ಕೇಳಿದಳು, ಎಂತ ಮಾಡುದು ಅಕ್ಕ ಅಂತ. ಇದ್ದದ್ದನ್ನು ಇದ್ದ ಹಾಗೆ ತೋರಿಸು ಅಂತ ಹೇಳಿದ್ದು ನಾನೇ.”

ಅವರು ಮಗುವಿನ ಮೇಲೆ ಹೊದಿಕೆ ಎಳೆದು ಎದ್ದುಹೋಗುತ್ತಾರೆ.

ಕುಸುಮಾವತಿ ಕುವೈತಿಗೆ ಬಂದು ಹತ್ತೊಂಬತ್ತು ವರ್ಷ. ಊರು ಕಿನ್ನಿಗೋಳಿಯ ಹತ್ತಿರ. ಮೊದಲು ಇಲ್ಲಿ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ದಾರದ ಡಬ್ಬಿ ಆ ಕಾಲದ್ದು. ಮಗಳು ನವ್ಯಶ್ರೀ ಹುಟ್ಟಿದ್ದು ಇಲ್ಲಿಯೇ. ನೋಡಿಕೊಳ್ಳಲು ಜನ ಇರಲಿಲ್ಲ, ಜನಕ್ಕೆ ಕೊಡಲು ಹಣ ಇರಲಿಲ್ಲ, ಆಗ ಇಂಥ ನಿಧಿಯೂ ಇರಲಿಲ್ಲ. ಎರಡು ವರ್ಷ ದಾಟಿದ ಮಗುವನ್ನು ಪರಿಚಯದವರ ಜೊತೆಗೆ ಅಕ್ಕನ ಮನೆಗೆ ಕಳಿಸಿದರು.

“ವಿಮಾನ ನೋಡ್ಲಿಕ್ಕೆ ಹೋಗುವ ಅಂತ ಹೇಳಿ ಕರ್ಕೊಂಡು ಹೋದದ್ದು. ಅವಳು ಅಳ್ಲಿಲ್ಲ. ನೋಡಿ ವಾಪಸ್ ಬರ್ತೇನೆ ಅಂತ ಎಣಿಸಿರಬೇಕು. ಕೈ ಬೀಸಿದಳು.”

ನಾಲ್ಕು ವರ್ಷ ಬಿಟ್ಟು ಹೊಲಿಗೆ ಅಂಗಡಿಯ ಕೆಲಸ ಬಿಟ್ಟರು. ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಂಡರೆ ತಮ್ಮದನ್ನೂ ಕರೆಸಿಕೊಳ್ಳಬಹುದೆಂಬ ಲೆಕ್ಕ. ಬೇರೆಯವರ ಮಕ್ಕಳು ಬಂದರು. ನವ್ಯಶ್ರೀ ಬರುವುದಿಲ್ಲ ಎಂದಳು. ಅವಳಿಗೆ ಅಲ್ಲಿ ಶಾಲೆ ಇತ್ತು, ದೊಡ್ಡಮ್ಮ ಇದ್ದರು. ಈಗ ಹದಿನೇಳು ವರ್ಷ. ಪ್ರತಿ ಶುಕ್ರವಾರ ವಿಡಿಯೋ ಕರೆ ಮಾಡುತ್ತಾಳೆ. ಊಟ ಆಯಿತಾ ಎಂದು ಕೇಳುತ್ತಾಳೆ, ಅಲ್ಲಿ ಚಳಿಯಾ ಎಂದು ಕೇಳುತ್ತಾಳೆ. ಕರೆ ಅಷ್ಟಕ್ಕೇ ಮುಗಿಯುತ್ತದೆ. “ಒಳ್ಳೆಯ ಹುಡುಗಿ. ನನ್ನ ಹತ್ರ ಒಂದು ದಿನವೂ ಜಗಳ ಮಾಡ್ಲಿಲ್ಲ,” ಎನ್ನುತ್ತಾರೆ ಕುಸುಮಾವತಿ. ಹೆಮ್ಮೆಯಿಂದ ಹೇಳುವ ಮಾತು ಇದಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತದೆ.

ಅರವತ್ತಮೂರು ಮಕ್ಕಳಲ್ಲಿ ಇಪ್ಪತ್ತೊಂದು ಮಕ್ಕಳು ಹೀಗೆ ಶಾಲೆಯ ವಯಸ್ಸಿಗೆ ಮೊದಲೇ ಊರಿಗೆ ಹೋದರು. ಅವರು ಹೋದ ಮೇಲೆ ಆ ಬಣ್ಣದ ದಾರವನ್ನು ಕುಸುಮಾವತಿ ಒಂದು ತಿಂಗಳು ಇನ್ಯಾವ ಬಾಟಲಿಗೂ ಕಟ್ಟುವುದಿಲ್ಲ. ಯಾಕೆ ಎಂದರೆ, ಹೋದ ಮಗುವಿನದೆಂದೇ ಕೈ ತಪ್ಪಿ ಹಾಲು ತುಂಬಿಸಿಬಿಡುತ್ತೇನೆ ಎನ್ನುತ್ತಾರೆ.

ನಿಧಿಯ ಲೆಕ್ಕ ನೋಡಿಕೊಳ್ಳುವವರು ಯಶೋಧರ. ಹಗಲು ಒಂದು ಆಫೀಸಿನ ಲೆಕ್ಕಿಗರು, ಸಂಜೆ ಸಂಬಳವಿಲ್ಲದೆ ಈ ಕೆಲಸ. ಕೆಟ್ಟ ಮನುಷ್ಯರಲ್ಲ. ನಲವತ್ತು ಮಕ್ಕಳಿಗೆ ಆಗುವಷ್ಟು ಹಣ, ಅರವತ್ತು ಅರ್ಜಿ. ಒಬ್ಬರಿಗೆ ನಿಯಮ ಸಡಿಲಿಸಿದರೆ ಕಾಯುತ್ತಿರುವ ಇಪ್ಪತ್ತು ಜನಕ್ಕೆ ಏನು ಹೇಳಲಿ ಎಂದು ಕೇಳುತ್ತಾರೆ. ಸಂಬಳ ತಡವಾಗಿ ಬಂದರೆ ಹೇಗೆ ಎಂಬುದನ್ನು ನಿಯಮ ಬರೆದವರು ಯೋಚಿಸಿರಲಿಲ್ಲ ಎಂದೂ ಒಪ್ಪುತ್ತಾರೆ. ಬರೆದವರಲ್ಲಿ ಹೆಚ್ಚಿನವರಿಗೆ ಸಂಬಳ ಒಂದನೇ ತಾರೀಕಿಗೆ ಆಗುತ್ತದೆ.

ಹದಿಮೂರರ ಸಂಜೆ ಲೊರೈನ್ ಮಗುವನ್ನು ಕರೆದೊಯ್ಯಲು ಬಂದಾಗ ಕುಸುಮಾವತಿ, ಇಪ್ಪತ್ತೆಂಟಕ್ಕೆ ಕಳಿಸುವುದೆಂದು ಈಗಲೇ ಗಟ್ಟಿ ಮಾಡಬೇಡ, ಶುಕ್ರವಾರ ಸಂಘದ ಸಭೆ ಉಂಟು, ನಾನು ಹೋಗಿ ಕೇಳುತ್ತೇನೆ ಎನ್ನುತ್ತಾರೆ. ಸಂಘದ ಸಭೆಯಲ್ಲಿ ಅವರು ಈವರೆಗೆ ಬಾಯಿ ತೆರೆದವರಲ್ಲ. “ನೀವು ಮಾತಾಡುದಾ ಅಕ್ಕ? ಮಕ್ಕಳು ಏಳ್ತಾರೆ ಅಂತ ಅಲ್ಲಿಯೂ ಪಿಸಿಪಿಸಿ ಅನ್ಬೇಡಿ ಮತ್ತೆ,” ಎಂದು ಲೊರೈನ್ ನಗಲು ನೋಡುತ್ತಾರೆ. ನಗು ಪೂರ್ತಿಯಾಗುವುದಿಲ್ಲ. ಜೋಯ್ಸ್ ತಾಯಿಯ ಹೆಗಲ ಮೇಲಿನಿಂದ ಕುಸುಮಾವತಿಗೆ ಕೈ ಬೀಸುತ್ತಾಳೆ. ದಿನವೂ ಬೀಸುತ್ತಾಳೆ. ಇಂದು ಕುಸುಮಾವತಿ ತಿರುಗಿ ಕೈ ಬೀಸದೆ ಬಾಗಿಲು ಮುಚ್ಚುತ್ತಾರೆ.

ಶುಕ್ರವಾರ ಸಂಜೆ. ಬಾಡಿಗೆಯ ಹಾಲ್‌ನಲ್ಲಿ ಅರವತ್ತರಷ್ಟು ಜನ. ಮೊದಲು ವಾರ್ಷಿಕೋತ್ಸವದ ಮಾತು, ಆಮೇಲೆ ಕ್ರೀಡಾಕೂಟದ ಮಾತು. ಟಿ ಷರ್ಟ್‌ನ ಬಣ್ಣಕ್ಕೆ ಇಪ್ಪತ್ತು ನಿಮಿಷ ಹೋಗುತ್ತದೆ. ಕುಸುಮಾವತಿ ಹಿಂದಿನ ಸಾಲಿನಲ್ಲಿ, ಕಾಟನ್ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಾರೆ. ಮಡಿಲಲ್ಲಿ ಹಾಜರಿ ಚೀಟಿಯ ಪುಸ್ತಕ. ಬೇರೆ ಏನಾದರೂ ವಿಷಯ ಇದೆಯಾ ಎಂದು ವೇದಿಕೆಯಿಂದ ಕೇಳಿದಾಗ ಎದ್ದು ನಿಲ್ಲುತ್ತಾರೆ. ಮೈಕ್ ಕೊಡಲು ಬಂದವರಿಗೆ ಬೇಡವೆಂದು ಕೈಸನ್ನೆ ಮಾಡುತ್ತಾರೆ.

“ಜನವರಿಯಲ್ಲಿ ಜೋಯ್ಸ್ ಇಪ್ಪತ್ತನಾಲ್ಕು ದಿನ ಬಂದಿದ್ದಾಳೆ. ಚೀಟಿ ನನ್ನ ಹತ್ರ ಉಂಟು. ಅವಳ ಅಪ್ಪನಿಗೆ ಆ ತಿಂಗಳು ಬಂದದ್ದು ಮೂರು ತಿಂಗಳ ಸಂಬಳ. ಒಂದು ತಿಂಗಳಿನದ್ದಲ್ಲ.” ದನಿ ಸಣ್ಣದು. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ. “ಸಂಬಳ ಬಂದ ತಿಂಗಳು ನೋಡ್ಬೇಡಿ. ದುಡಿದ ತಿಂಗಳಿಗೆ ಲೆಕ್ಕ ಹಿಡೀರಿ. ಇಪ್ಪತ್ತೆಂಟರ ಒಳಗೆ ಅವಳ ಹೆಸರು ಪಟ್ಟಿಗೆ ಹಾಕಿ.”

ಅಧ್ಯಕ್ಷರು ಯಶೋಧರರ ಕಡೆ ನೋಡುತ್ತಾರೆ. ಯಶೋಧರ ಮುಂದಿದ್ದ ಪಟ್ಟಿಯ ಹಾಳೆಯನ್ನು ತಿರುಗಿಸಿ, ಅದರ ಹಿಂಭಾಗದಲ್ಲಿ ಏನೂ ಇಲ್ಲದಿರುವುದನ್ನು ನೋಡುತ್ತಾರೆ. ಬಾಗಿಲಿನಿಂದ ಚಹಾದ ಟ್ರೇ ಬರುತ್ತದೆ. ಜನ ಕುರ್ಚಿ ಸರಿಸಿ ಏಳತೊಡಗುತ್ತಾರೆ.

ಕುಸುಮಾವತಿ ಕುಳಿತಿಲ್ಲ. ಚೀಟಿಯ ಪುಸ್ತಕದಲ್ಲಿ ಜನವರಿಯ ಹಾಳೆಯನ್ನು ಬಿಡಿಸಿ, ವೇದಿಕೆಗೆ ಕಾಣುವಂತೆ ಹಿಡಿದಿದ್ದಾರೆ.

“ಒಮ್ಮೆ ನೋಡಿ, ಯಶೋಧರಣ್ಣ.”