ಗೊರಕೆ ನಿಂತಾಗ

ನಂಬದವರು ಇಲ್ಲಿಗೇ ಓದುವುದನ್ನು ನಿಲ್ಲಿಸಿಬಿಡಿ, ಒಪ್ಪಿಸುತ್ತಾ ಕೂರುವ ತಾಳ್ಮೆ ನನಗಿಲ್ಲ. ಅತ್ತಿಗುಪ್ಪೆಯ ನಮ್ಮ ಬಾಡಿಗೆ ಮನೆಯಲ್ಲಿ, ಹೋದ ಚಳಿಗಾಲದಲ್ಲಿ, ಇದು ನಡೆದದ್ದು ನಿಜ.

ನನ್ನ ಗಂಡ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಅವರ ಗೊರಕೆಗೆ ಮಹಡಿ ಮೇಲಿನವರೂ ಶಾಪ ಹಾಕುತ್ತಾರೆ. ನನಗೆ ಮಾತ್ರ ಅದು ನಿಂತಾಗಲೇ ಎಚ್ಚರವಾಗುವುದು, ಯಾಕೆಂದರೆ ಆಗ ಅವರ ಉಸಿರೂ ನಿಂತಿರುತ್ತದೆ. ಭುಜ ತಟ್ಟಿ, "ರೀ, ಮಗ್ಗುಲಿಗೆ ತಿರುಗಿ" ಎಂದರೆ ಮತ್ತೆ ಶುರು. ಮದುವೆಯಾದಾಗಿನಿಂದ ಇದೇ ನನ್ನ ರಾತ್ರಿಪಾಳಿ.

ನಿದ್ದೆಯಲ್ಲಿ ಹೀಗೆ ಉಸಿರು ಕಟ್ಟಿದರೆ ಹೃದಯಕ್ಕೇ ಪೆಟ್ಟು ಎಂದು ಡಾಕ್ಟರು ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ಊದುವ ಮೆಷಿನ್ ಕೊಡಿಸಿದ್ದರು. ಇವರು ಮುಟ್ಟುತ್ತಿರಲಿಲ್ಲ. ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಒಂದು ದಿನ ವ್ಯಾನ್ ತುಂಬ ಮಕ್ಕಳಿರುವಾಗಲೇ ಸಿಗ್ನಲ್‌ನಲ್ಲಿ ತೂಕಡಿಸಿದರಂತೆ. ಕೇಳಿ ಮೈಯೆಲ್ಲ ಉರಿದುಹೋಯಿತು.

"ಮಾಸ್ಕ್ ಹಾಕ್ಕೊಳ್ರಿ."

"ಆನೆ ಸೊಂಡ್ಲು ಕಟ್ಕೊಂಡು ನಾನು ಮಲಗಲ್ಲ ಕಣೇ."

"ಹಾಗಾದ್ರೆ ಸಾಯಿರಿ. ಇನ್ಮೇಲೆ ನಾನಂತೂ ಎಬ್ಬಿಸಲ್ಲ."

ದಿಂಬು ಎತ್ತಿಕೊಂಡು ಬಂದು ಹಾಲ್‌ನಲ್ಲಿ ಮಲಗಿದೆ.

ಯಾವಾಗಲೋ ಎಚ್ಚರವಾಯಿತು... ಗೊರಕೆ ಇಲ್ಲ. ಫ್ರಿಜ್ಜಿನ ಸದ್ದು ಮಾತ್ರ. ಎದ್ದು ಹೋಗಬಾರದು, ಇವತ್ತು ಬುದ್ಧಿ ಬರಲಿ ಎಂದು ಹಲ್ಲು ಕಚ್ಚಿಕೊಂಡು ಬಿದ್ದಿದ್ದೆ.

ಆಗ ರೂಮಿನೊಳಗೆ ಯಾರೋ ಮಾತಾಡಿದರು. ಮಗುವನ್ನು ಮಲಗಿಸುವ ಹಾಗೆ, ಮೆಲ್ಲಗೆ...

"ಹಾಗೇ ಇರಿ... ಉಸಿರಾಡ್ಬೇಡಿ... ಇನ್ನೊಂದ್ ಸ್ವಲ್ಪ ಹೊತ್ತು..."

ಅದು ನನ್ನದೇ ದನಿ.

ಹೇಗೋ ಎದ್ದು ಓಡಿ ಲೈಟ್ ಹಾಕಿದೆ. ಒಳಗೆ ಇವರೊಬ್ಬರೇ, ತುಟಿ ನೀಲಿಗಟ್ಟಿತ್ತು. ನಾನು ತಲೆಗೆ ಹಚ್ಚುವ ಹರಳೆಣ್ಣೆಯ ವಾಸನೆ ರೂಮೆಲ್ಲ ತುಂಬಿತ್ತು. ಹಾಸಿಗೆಯಲ್ಲಿ ನನ್ನ ಜಾಗ ಬೆಚ್ಚಗಿತ್ತು. ಎರಡೂ ಕೈಯಿಂದ ಅವರ ಭುಜಕ್ಕೆ ಬಾರಿಸಿದೆ. ನೀರಿನಿಂದ ಮೇಲೆದ್ದವರಂತೆ ಗೊರ್ ಎಂದು ಉಸಿರೆಳೆದುಕೊಂಡರು.

ಬೆಳಿಗ್ಗೆ ಕಾಫಿ ಮುಂದೆ ಕೂತು ಅವರು ಕೇಳಿದರು.

"ಮೊದ್ಲು ಹಾಗೇ ಇರಿ ಅಂತ ಬಾಯಿ ಮೇಲೆ ಕೈ ಇಟ್ಟೆ. ಆಮೇಲೆ ಯಾಕೆ ಹೊಡ್ದೆ?"

"ನಾನು ಹಾಲಲ್ಲಿದ್ದೆ ರೀ."

"ನಿನ್ನ ದನಿ ನಂಗೆ ಗೊತ್ತಾಗಲ್ವಾ?"

ಅದೇನೆಂದು ನನಗೆ ಇಂದಿಗೂ ಗೊತ್ತಿಲ್ಲ. ಈಗ ಅವರು ಹೇಳಿಸಿಕೊಳ್ಳದೆಯೇ ಮಾಸ್ಕ್ ಹಾಕಿಕೊಳ್ಳುತ್ತಾರೆ. ಅದಕ್ಕೂ ಮೊದಲು, ನಾನು ಬರಬಾರದೆಂದು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಾರೆ. ಆ ದನಿ ಇದ್ದದ್ದು ಒಳಗೇ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.